ಬದಲಿಸಬಹುದಾದದ್ದನ್ನು ಸಹಿಸಿಕೊಂಡು, ಬದಲಾಗದ್ದರ ಜೊತೆ ಗುದ್ದಾಡುತ್ತಿದ್ದರು: ಒಂದು ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರುವ ಆಕೆ ಒಬ್ಬ ವ್ಯಕ್ತಿ ಅಲ್ಲ. ಆಪ್ತಸಮಾಲೋಚನೆಗೆ ಬರುವವರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ, ಯಾರ ಗುರುತೂ ಸಿಗದ ಹಾಗೆ, ಒಂದೇ ಪ್ರಕರಣವಾಗಿ ಬರೆದಿದ್ದೇನೆ.

ವಯಸ್ಸು 38. ಒಂದು ಸಂಸ್ಥೆಯಲ್ಲಿ ಗ್ರಾಹಕರ ದೂರು ವಿಭಾಗದ ತಂಡ ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ಗಂಡ, 11 ವರ್ಷದ ಮಗ, ಮತ್ತು ಎರಡು ವರ್ಷದಿಂದ ಡಿಮೆನ್ಷಿಯಾ, ಅಂದರೆ ನೆನಪು ಕುಂದುತ್ತಾ ಹೋಗುವ ಮೆದುಳಿನ ಕಾಯಿಲೆ, ಇರುವ ತಂದೆ. ಬಂದಾಗ ಆಕೆ ಹೇಳಿಕೊಂಡ ತೊಂದರೆ ಒಂದೇ. "ಟೆನ್ಷನ್ ಅಂತ ಏನಿಲ್ಲ, ಎಲ್ಲಾ ನಿಭಾಯಿಸ್ತಿದ್ದೀನಿ. ಆದರೆ ಏನೂ ಅನ್ನಿಸ್ತಿಲ್ಲ." ಅಳು ಬರುತ್ತಿಲ್ಲ. ನಗು ಬಂದರೂ ಮುಖದಲ್ಲಷ್ಟೇ. ಸಿಟ್ಟು ಕೂಡ ಇಲ್ಲ. ಕೆಲವು ವಾರ ಇದನ್ನು ತಾನು ಗಟ್ಟಿಯಾದ ಲಕ್ಷಣ ಅಂತಲೇ ಅಂದುಕೊಂಡಿದ್ದರಂತೆ.

ಹೆದರಿಸಿದ್ದು ಮಗನ ಜೊತೆ ನಡೆದ ಒಂದು ಮಾತು. ಗೆಳೆಯರು ತನ್ನನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿಲ್ಲ ಅಂತ ಅವನು ಅಳುತ್ತಾ ಬಂದ. ಇವರು ಎದುರು ಕೂತು, ಮೆತ್ತಗಿನ ದನಿಯಲ್ಲಿ, "ನಿನಗಾದ ತೊಂದರೆ ನನಗೆ ಅರ್ಥವಾಗುತ್ತದೆ, ಇದಕ್ಕೆ ಏನು ಮಾಡಬಹುದು ಅಂತ ನೋಡೋಣ" ಅಂದರು. ದಿನಕ್ಕೆ ಎಷ್ಟೋ ಸಲ ಗ್ರಾಹಕರಿಗೆ ಹೇಳುವ ವಾಕ್ಯ ಅದು. ದನಿಯೂ ಅದೇ. ಮಗ ಅಳು ನಿಲ್ಲಿಸಿ ಒಂಥರಾ ನೋಡಿದ. ತನ್ನ ಒಳಗೆ ಏನೂ ಅಲುಗಾಡಲಿಲ್ಲ ಅನ್ನುವುದು ಆ ಕ್ಷಣ ಆಕೆಗೆ ಗೊತ್ತಾಯಿತು.

ಈ ಪ್ರಕರಣವನ್ನು ವಿವರವಾಗಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಒತ್ತಡ ನಿಭಾಯಿಸಲು ಏನೂ ಮಾಡದೆ ಕುಸಿದ ಕಥೆ ಇದಲ್ಲ. ಆಕೆ ಮಾಡುತ್ತಿದ್ದದ್ದೇ ಜಾಸ್ತಿ. ಆದರೆ ಯಾವ ಒತ್ತಡಕ್ಕೆ ಯಾವ ದಾರಿ ಅನ್ನುವುದು ಅದಲು ಬದಲಾಗಿತ್ತು.

ಎರಡು ಒತ್ತಡಗಳು

ಕೆಲಸದಿಂದ ಶುರು ಮಾಡೋಣ. 9 ಜನ ಇದ್ದ ತಂಡದಲ್ಲಿ ಇಬ್ಬರು ಬಿಟ್ಟು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ, ಆ ಇಬ್ಬರ ಕೆಲಸ ಉಳಿದವರ ಮೇಲೆ ಹಂಚಿ ಹೋಯಿತು, ಯಾರಿಂದಲೂ ಬಗೆಹರಿಯದ ಕರೆಗಳೆಲ್ಲ ಆಕೆಯ ಪಾಲಿಗೆ ಬಂದವು. ಅಂದರೆ ದಿನದ ಅತಿ ಹೆಚ್ಚು ಸಿಟ್ಟಿನ ಗ್ರಾಹಕರು, ಒಬ್ಬರ ಹಿಂದೆ ಒಬ್ಬರು. ಬೈಗುಳ ಕೇಳಿದ ಮೇಲೂ ದನಿ ಏರಿಸುವ ಹಾಗಿಲ್ಲ. ಹಣ ವಾಪಸ್ ಕೊಡಲೂ ಒಂದು ಮಿತಿ, ಅದರ ಮೇಲೆ ಹೋದರೆ ಇನ್ನೊಬ್ಬರ ಒಪ್ಪಿಗೆ ಬೇಕು. ಸಂಜೆ ಕೆಲಸ ಮುಗಿದರೂ ತಂಡದ ಮೆಸೇಜ್ ಗುಂಪು ರಾತ್ರಿ ಹತ್ತರ ತನಕ ಎಚ್ಚರವಾಗಿರುತ್ತದೆ.

1979ರಲ್ಲಿ ರಾಬರ್ಟ್ ಕರಾಸೆಕ್ ಎಂಬುವರು ಕೆಲಸದ ಒತ್ತಡದ ಬಗ್ಗೆ ಒಂದು ವಿವರಣೆ ಕೊಟ್ಟರು. ಕೆಲಸ ಜಾಸ್ತಿ ಇದ್ದ ಮಾತ್ರಕ್ಕೆ ಜನ ಸವೆಯುವುದಿಲ್ಲ, ಕೆಲಸ ಜಾಸ್ತಿ ಇದ್ದು ಅದರ ಮೇಲೆ ಹಿಡಿತ ಕಡಿಮೆ ಇರುವ ಕಡೆ ಸವೆಯುವುದು ಹೆಚ್ಚು ಅಂತ. ಆಕೆಯ ಸ್ಥಿತಿ ಅದೇ. ಸಿಟ್ಟನ್ನೆಲ್ಲ ಕೇಳಿಸಿಕೊಳ್ಳುವ ಜವಾಬ್ದಾರಿ ಇದೆ, ಆ ಸಿಟ್ಟಿನ ಕಾರಣವನ್ನು ಸರಿಪಡಿಸುವ ಅಧಿಕಾರ ಇಲ್ಲ.

ಇದರ ಜೊತೆ ಇನ್ನೊಂದು ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಪರಿಚಾರಕಿಯರನ್ನೂ ಸಾಲ ವಸೂಲಿ ಮಾಡುವವರನ್ನೂ ಅಧ್ಯಯನ ಮಾಡಿ, 1983ರಲ್ಲಿ ಭಾವನಾತ್ಮಕ ದುಡಿಮೆ ಅನ್ನುವ ವಿಚಾರ ಮುಂದಿಟ್ಟರು. ಕೆಲವು ಕೆಲಸಗಳಲ್ಲಿ ಕೈಕಾಲು, ತಲೆ ಮಾತ್ರ ಸಾಲದು, ಇಂಥ ಭಾವನೆ ತೋರಿಸಬೇಕು, ಇಂಥದ್ದು ತೋರಿಸಬಾರದು ಅನ್ನುವುದೂ ಸಂಬಳದ ಭಾಗ. ಒಳಗೆ ಒಂದು, ಹೊರಗೆ ಇನ್ನೊಂದು ಅಂತ ವರ್ಷಗಟ್ಟಲೆ ನಡೆದರೆ ತನ್ನ ಭಾವನೆ ಯಾವುದು ಅನ್ನುವ ಗುರುತೇ ಮಸುಕಾಗಬಹುದು. ಮಗನ ಎದುರು ಆಕೆಯ ಬಾಯಿಂದ ಬಂದ ಆ ವಾಕ್ಯ ಸುಮ್ನೆ ಬಾಯಿ ತಪ್ಪಿ ಬಂದದ್ದಲ್ಲ. ನಿಜವಾದ ಮಾತು ಬರಬೇಕಾದ ಜಾಗಕ್ಕೆ ಕೆಲಸದ ಮಾತು ಬಂದು ಕೂತಿತ್ತು.

ಎರಡನೆಯದು ತಂದೆ. ಇದನ್ನು ಆಕೆ ಒತ್ತಡ ಅಂತ ಕರೆಯಲು ಒಪ್ಪಲೇ ಇಲ್ಲ. "ಅಪ್ಪ ನನಗೆ ಭಾರ ಅಲ್ಲ" ಅಂದರು. ಸರಿ, ಭಾರ ಅನ್ನುವುದು ಬೇಡ. ಆದರೆ ಅವರು ದಿನಕ್ಕೆ ಹಲವು ಸಲ ಹೆಂಡತಿ ಎಲ್ಲಿ ಅಂತ ಕೇಳುತ್ತಾರೆ. ಹೆಂಡತಿ ತೀರಿಕೊಂಡು ಆರು ವರ್ಷ. ಆಕೆ ಪ್ರತಿ ಸಲ ನಿಜ ಹೇಳುತ್ತಾರೆ. ಆ ಮನುಷ್ಯ ಪ್ರತಿ ಸಲ ಮೊದಲ ಬಾರಿ ಕೇಳಿದಂತೆ ಅಳುತ್ತಾರೆ. ಸ್ವಲ್ಪ ಹೊತ್ತಿಗೆ ಅದೂ ಮರೆತು ಮತ್ತೆ ಕೇಳುತ್ತಾರೆ.

ಆಕೆ ಸಂಜೆ ಹಳೆಯ ಫೋಟೋಗಳನ್ನು ಹಿಡಿದು ಕೂರುತ್ತಿದ್ದರು. ಇದು ಯಾರು, ಇದು ಯಾವಾಗ, ಇದು ಎಲ್ಲಿ? ತಪ್ಪು ಹೇಳಿದರೆ ತಿದ್ದುವುದು, ಮತ್ತೆ ಕೇಳುವುದು. ರಾತ್ರಿ ಇಂಟರ್ನೆಟ್‌ನಲ್ಲಿ ಹೊಸ ಔಷಧ, ಹೊಸ ವ್ಯಾಯಾಮ, ಹೊಸ ಆಟ ಹುಡುಕುವುದು. ಊರಿನಿಂದ ದೂರ ಇರುವ ತಮ್ಮ ವಾರಕ್ಕೊಮ್ಮೆ ಫೋನ್ ಮಾಡಿ "ಅಪ್ಪನಿಗೆ ಇನ್ನಷ್ಟು ಮೆದುಳಿನ ಕೆಲಸ ಕೊಡು" ಅನ್ನುವುದು ಬೇರೆ.

ಆಗಲೇ ಮಾಡುತ್ತಿದ್ದ ಉಪಾಯಗಳು

ಸಂಸ್ಥೆ ಎಲ್ಲರಿಗೂ ಧ್ಯಾನದ ಆ್ಯಪ್ ಕೊಟ್ಟಿತ್ತು. ಆಕೆ ನಿಷ್ಠೆಯಿಂದ ಮಾಡುತ್ತಿದ್ದರು, ಬೆಳಿಗ್ಗೆ ಹತ್ತು ನಿಮಿಷ. ಅದರಿಂದ ಉಪಯೋಗ ಆಗುತ್ತಿರಲಿಲ್ಲ ಅಂತಲ್ಲ, ಆ ಹತ್ತು ನಿಮಿಷ ಚೆನ್ನಾಗಿರುತ್ತಿತ್ತು. ಧ್ಯಾನದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರ ಮೇಲೆ ಹಾಕಿ, ಆಮೇಲೆ ಆ ಒಬ್ಬರಿಗೆ ಉಸಿರಾಡುವುದು ಹೇಗೆ ಅಂತ ಕಲಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಬೇಕಿದ್ದದ್ದು ಜನ.

ಎರಡನೆಯದು ಫೋನ್. ಎಲ್ಲರೂ ಮಲಗಿದ ಮೇಲೆ ಒಂದೂವರೆ ತನಕ ಸಣ್ಣ ವಿಡಿಯೋಗಳು. ಇದನ್ನು ಚಟ ಅಂತ ಬೈದು ಮುಗಿಸುವವರು ತುಂಬಾ ಜನ. ಆಕೆ ಕೊಟ್ಟ ಕಾರಣ ಕೇಳಿ: "ಆ ಹೊತ್ತಿನಲ್ಲಿ ಮಾತ್ರ ಯಾರಿಗೂ ನನ್ನಿಂದ ಏನೂ ಬೇಕಾಗಿರಲ್ಲ." ಇದು ನಿಜವಾದ ಹಸಿವು, ಇದನ್ನು ಸಣ್ಣದು ಅನ್ನಬಾರದು. ಸಮಸ್ಯೆ ಏನೆಂದರೆ ಆ ಹೊತ್ತಿನ ಬೆಲೆಯನ್ನು ನಿದ್ರೆಯಿಂದ ತೆರುತ್ತಿದ್ದರು. ವಯಸ್ಕರಿಗೆ 7 ಗಂಟೆಯಾದರೂ ನಿದ್ರೆ ಬೇಕು, ಇವರಿಗೆ 5 ಸಿಗುತ್ತಿತ್ತು. ನಿದ್ರೆಗೆಟ್ಟ ಮರುದಿನ ಸಣ್ಣದೂ ದೊಡ್ಡದಾಗಿ ತಾಕುತ್ತದೆ. ತಾಕಿದ್ದನ್ನು ಅದುಮಲು ಇನ್ನಷ್ಟು ಶಕ್ತಿ ಬೇಕು, ರಾತ್ರಿ ಮತ್ತೆ ತನ್ನದೇ ಹೊತ್ತು ಬೇಕು ಅನ್ನಿಸುತ್ತದೆ.

ಮೂರನೆಯದು ಒಬ್ಬ ಸಹೋದ್ಯೋಗಿ. ಇಬ್ಬರೂ ದಿನವಿಡೀ ಒಬ್ಬರಿಗೊಬ್ಬರು ಧ್ವನಿ ಸಂದೇಶ ಕಳಿಸಿ ಮೇಲಧಿಕಾರಿಯನ್ನೂ ಗ್ರಾಹಕರನ್ನೂ ಬೈದುಕೊಳ್ಳುವುದು. ಹೇಳಿಕೊಂಡರೆ ಹಗುರ ಆಗುತ್ತದೆ ಅನ್ನುವುದು ಅರ್ಧ ನಿಜ ಮಾತ್ರ. 2002ರಲ್ಲಿ ಅಮಾಂಡಾ ರೋಸ್ ಮಕ್ಕಳು ಮತ್ತು ಹದಿಹರೆಯದವರ ಗೆಳೆತನದ ಬಗ್ಗೆ ಮಾಡಿದ ಅಧ್ಯಯನದಲ್ಲಿ, ಒಂದೇ ಸಮಸ್ಯೆಯನ್ನು ಜೊತೆಯಾಗಿ ಮತ್ತೆ ಮತ್ತೆ ಕೆದಕುವವರಲ್ಲಿ ಆಪ್ತತೆಯೂ ಹೆಚ್ಚು, ಬೇಸರ ಆತಂಕಗಳೂ ಹೆಚ್ಚು ಅಂತ ಕಂಡಿತು. ಅದೇ ವರ್ಷ ಬ್ರಾಡ್ ಬುಶ್‌ಮನ್ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಗುದ್ದುವ ಚೀಲಕ್ಕೆ ಹೊಡೆದವರ ಸಿಟ್ಟು, ಏನೂ ಮಾಡದೆ ಸುಮ್ಮನೆ ಕೂತವರ ಸಿಟ್ಟಿಗಿಂತ ಜಾಸ್ತಿಯೇ ಉಳಿಯಿತು. ಆ ಸಹೋದ್ಯೋಗಿಯ ಸ್ನೇಹ ಆಕೆಗೆ ದೊಡ್ಡ ಆಸರೆ, ಅದನ್ನು ಬಿಡಿ ಅಂತ ನಾನು ಹೇಳಲಿಲ್ಲ. ಆದರೆ ಆ ಮಾತುಗಳಲ್ಲಿ "ಹಾಗಾದರೆ ನಾಳೆ ಏನು ಮಾಡೋಣ" ಅನ್ನುವ ವಾಕ್ಯ ಒಮ್ಮೆಯೂ ಬಂದಿರಲಿಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು, ನುಂಗುವುದು. ಗ್ರಾಹಕರ ಎದುರು ನುಂಗುವುದು ಕೆಲಸ. ತಂದೆಯ ಎದುರು ಅವರು ಗಾಬರಿಯಾಗಬಾರದು ಅಂತ ನುಂಗುವುದು. ಮಗನಿಗೆ ಗೊತ್ತಾಗಬಾರದು, ಗಂಡನಿಗೆ ಬೇಜಾರಾಗಬಾರದು. ಎದ್ದಾಗಿಂದ ಮಲಗುವ ತನಕ ನುಂಗುವುದೇ. 1997ರಲ್ಲಿ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಜನರಿಗೆ ಚಿತ್ರದ ತುಣುಕು ತೋರಿಸಿ, ಭಾವನೆ ಮುಖದಲ್ಲಿ ಕಾಣದಂತೆ ನೋಡಿಕೊಳ್ಳಿ ಅಂದರು. ಮುಖವೇನೋ ಸುಮ್ಮನಾಯಿತು, ಆದರೆ ಹೃದಯ ಮತ್ತು ರಕ್ತನಾಳಗಳ ಕಡೆ ದೇಹದ ಉದ್ರೇಕ ಹೆಚ್ಚಿತು. ಆಮೇಲಿನ ಅಧ್ಯಯನಗಳಲ್ಲಿ ಇನ್ನೊಂದು ಕಂಡಿತು, ಹೀಗೆ ಮುಖ ಕಾಯುತ್ತಾ ಕೂತವರಿಗೆ ಆ ಹೊತ್ತಿನಲ್ಲಿ ಕೇಳಿದ, ನೋಡಿದ ವಿವರಗಳು ಕಡಿಮೆ ನೆನಪಿರುತ್ತವೆ. ಗಮನದ ಒಂದು ಪಾಲು ಕಾವಲಿಗೆ ಹೋಗಿರುತ್ತದೆ ಅಲ್ವಾ.

ಇದನ್ನು ಹೇಳಿದಾಗ ಆಕೆ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಬಾಯಿಬಿಟ್ಟರು. ಗ್ರಾಹಕರು ಈಗಷ್ಟೇ ಹೇಳಿದ್ದು ಮರೆತುಹೋಗುತ್ತಿತ್ತು, ಮಗನ ಶಾಲೆಯ ದಿನಾಂಕ ಮರೆತಿದ್ದರು, ತನಗೂ ಅಪ್ಪನ ಕಾಯಿಲೆ ಶುರುವಾಗಿದೆ ಅಂತ ತಿಂಗಳುಗಟ್ಟಲೆ ಒಬ್ಬರೇ ಹೆದರುತ್ತಿದ್ದರು. ಆ ಭಯವನ್ನೂ ನುಂಗಿದ್ದರು.

ಗಂಡ ಒಳ್ಳೆಯವರು. ಅವರ ಸಲಹೆ ಮಾತ್ರ ಒಂದೇ, "ಅದರ ಬಗ್ಗೆ ಯೋಚನೆ ಮಾಡಬೇಡ." ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ ಎಲ್ಲರೂ. ಆದರೆ 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು 5 ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂತ ಹೇಳಿ ನೋಡಿದ್ದಾರೆ. ಜನರಿಗೆ ಅದು ಮತ್ತೆ ಮತ್ತೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಆಮೇಲೆ ಯೋಚಿಸಬಹುದು ಅಂದಾಗ, ಮೊದಲಿನಿಂದಲೂ ಯೋಚಿಸಿ ಅಂತ ಹೇಳಿಸಿಕೊಂಡವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು.

ಮೊದಲು ವೈದ್ಯರು

ಏನೂ ಅನ್ನಿಸುತ್ತಿಲ್ಲ ಅಂದಾಕ್ಷಣ ಒತ್ತಡ ಅಂತ ನಿರ್ಧರಿಸಬಾರದು. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ, ವಿಟಮಿನ್ ಬಿ12 ಕೊರತೆಯಿದ್ದರೂ ಸುಸ್ತು ಮತ್ತು ಮರೆವು ಬರಬಹುದು. ಆಕೆಯನ್ನು ಮೊದಲು ವೈದ್ಯರ ಹತ್ತಿರ ಕಳಿಸಿದೆ. ರಕ್ತ ಪರೀಕ್ಷೆಗಳು ಸರಿಯಿದ್ದವು. ಖಿನ್ನತೆ ಇರಬಹುದೇ ಅಂತ ಮೊದಲ ಹಂತದಲ್ಲಿ ನೋಡಲು ಬಳಸುವ 9 ಪ್ರಶ್ನೆಗಳ ಪಟ್ಟಿಯಲ್ಲಿ, 27ಕ್ಕೆ 11 ಬಂತು. ಮಧ್ಯಮ ಮಟ್ಟ ಅಂತ ಲೆಕ್ಕ. ಔಷಧ ಈಗಲೇ ಬೇಡ, ಕೆಲವು ವಾರ ನೋಡಿ ತೀರ್ಮಾನಿಸೋಣ ಅಂತ ವೈದ್ಯರು ಹೇಳಿದರು. ಬೇಕಾದವರಿಗೆ ಔಷಧ ಬೇಕೇ ಬೇಕು, ಅದರಲ್ಲಿ ಸೋಲು ಅನ್ನುವುದು ಏನಿಲ್ಲ.

ಆ ಪಟ್ಟಿಯ ಕೊನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದನ್ನು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅನ್ನುವುದು ತಪ್ಪು ಭಯ. ಆಕೆ ಇಲ್ಲ ಅಂದರು. ಆದರೆ "ಆಸ್ಪತ್ರೆಗೆ ಸೇರುವಷ್ಟು ಜ್ವರ ಬಂದರೆ ಚೆನ್ನಾಗಿತ್ತು, ಆಗ ಯಾರೂ ಕರೆಯಲ್ಲ ಅಂತ ಅನ್ನಿಸುತ್ತೆ" ಅಂದರು. ಇದನ್ನು ಎಷ್ಟು ಜನ ಹೇಳುತ್ತಾರೆ ಗೊತ್ತಾ! ಕಾಯಿಲೆ ಬಿದ್ದರೆ ಮಾತ್ರ ವಿಶ್ರಾಂತಿ ಕೇಳುವ ಹಕ್ಕು ಸಿಗುತ್ತದೆ ಅನ್ನುವ ನಂಬಿಕೆ ಒಳಗೆ ಅಷ್ಟು ಗಟ್ಟಿ.

ಬರ್ನ್‌ಔಟ್ ಅಂತ ಆಕೆ ಎಲ್ಲೋ ಓದಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2019ರಲ್ಲಿ ಒಪ್ಪಿಗೆ ಪಡೆದ, 2022ರಿಂದ ಜಾರಿಗೆ ಬಂದ ಕಾಯಿಲೆಗಳ ವರ್ಗೀಕರಣದಲ್ಲಿ ಅದು ಇದೆ. ಆದರೆ ಕಾಯಿಲೆ ಅಂತ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನಿಂದ ಆಗುತ್ತಿಲ್ಲ ಅನ್ನಿಸುವುದು. ಆಕೆಗೆ ಮೂರೂ ಇತ್ತು. ಆದರೆ ಆ ಪದ ಕೆಲಸದ ಜಾಗಕ್ಕೆ ಮಾತ್ರ ಮೀಸಲು, ತಂದೆಯ ಸಂಗತಿಗೆ ಅದು ಹೊಂದುವುದಿಲ್ಲ. ಹಾಗಾಗಿ ಹೆಸರು ಹಚ್ಚುವುದಕ್ಕೆ ಹೆಚ್ಚು ಹೊತ್ತು ಕಳೆಯಲಿಲ್ಲ.

ಅದಲು ಬದಲು

ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಒತ್ತಡ ನಿಭಾಯಿಸುವ ದಾರಿಗಳನ್ನು ಎರಡಾಗಿ ನೋಡಿದರು. ಒಂದು, ಸಮಸ್ಯೆಯನ್ನೇ ಹಿಡಿದು ಬದಲಿಸುವುದು. ಇನ್ನೊಂದು, ಸಮಸ್ಯೆ ಎಬ್ಬಿಸಿದ ಭಾವನೆಯನ್ನು ನೋಡಿಕೊಳ್ಳುವುದು. ಇದರಲ್ಲಿ ಒಂದು ಮೇಲು ಒಂದು ಕೀಳು ಅಂತ ಇಲ್ಲ. ಬದಲಿಸಬಹುದಾದ ಸ್ಥಿತಿಗೆ ಮೊದಲನೆಯದು, ಬದಲಿಸಲಾಗದ ಸ್ಥಿತಿಗೆ ಎರಡನೆಯದು ಹೆಚ್ಚು ಹೊಂದುತ್ತದೆ. ಕೇಳಲು ಸುಲಭ. ಆದರೆ ಯಾವುದು ಯಾವುದು ಅಂತ ನಾವೇ ತಪ್ಪು ತಿಳಿದರೆ?

ಆಕೆಗೆ ಒಂದು ಹಾಳೆ ಕೊಟ್ಟೆ. ನಿಮ್ಮ ಕೈಯಲ್ಲಿ ಇರುವುದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ ಬರೆಯಿರಿ ಅಂದೆ. ಕೈಯಲ್ಲಿ ಇಲ್ಲದ್ದು ಅನ್ನುವ ಕಡೆ ಕರೆಗಳ ಸಂಖ್ಯೆ, ರಾತ್ರಿಯ ಮೆಸೇಜುಗಳು, ಮೇಲಧಿಕಾರಿ, ತಮ್ಮ ಮಾಡದ ಸಹಾಯ. ಕೈಯಲ್ಲಿ ಇರುವುದು ಅನ್ನುವ ಕಡೆ ಮೊದಲ ಸಾಲು: ಅಪ್ಪನ ನೆನಪು.

ಇಡೀ ಪ್ರಕರಣ ಆ ಹಾಳೆಯಲ್ಲಿತ್ತು. ಕೆಲಸದ ಭಾರವನ್ನು ಮಳೆ ಬಿಸಿಲಿನಂತೆ ತಾನಾಗಿ ಬಂದದ್ದು ಅಂತ ಒಪ್ಪಿಕೊಂಡು, ಅದಕ್ಕೆ ಧ್ಯಾನ, ವಿಡಿಯೋ, ಬೈಗುಳಗಳಿಂದ ತಣ್ಣಗಾಗಲು ನೋಡುತ್ತಿದ್ದರು. ಆದರೆ ಅದು ಯಾರೋ ತೆಗೆದುಕೊಂಡ ತೀರ್ಮಾನಗಳಿಂದ ಬಂದದ್ದು, ಕೇಳಿದರೆ ಸ್ವಲ್ಪವಾದರೂ ಬದಲಾಗುವಂಥದ್ದು. ಮೆದುಳಿನ ಕಾಯಿಲೆಯನ್ನು ಮಾತ್ರ ತನ್ನ ಶ್ರಮದಿಂದ ಹಿಂದಕ್ಕೆ ತಳ್ಳಬಹುದು ಅಂತ ದಿನಾ ಹೋರಾಡುತ್ತಿದ್ದರು. ಅಪ್ಪ ಒಂದು ಹೆಸರು ಮರೆತರೆ ಅದು ಆಕೆಯ ಸೋಲು. ಆ ಹೋರಾಟದಲ್ಲಿ ದುಃಖಪಡಲು ಜಾಗವೇ ಇರಲಿಲ್ಲ, ಸರಿಮಾಡುತ್ತಿರುವವರು ಅಳುವುದು ಹೇಗೆ?

ಈಗಿನ ಬದುಕು ಈ ಗೊಂದಲವನ್ನು ಹೆಚ್ಚಿಸಿದೆ ಅನ್ನುವುದು ನನ್ನ ಅಭಿಪ್ರಾಯ. ಎಲ್ಲದಕ್ಕೂ ಒಂದು ಪರಿಹಾರ ಹುಡುಕಿದರೆ ಸಿಗುತ್ತದೆ ಅಂತ ಫೋನು ಹೇಳುತ್ತದೆ, ಹಾಗಾಗಿ ಪರಿಹಾರ ಇಲ್ಲದ ಕಡೆಯೂ ಹುಡುಕುತ್ತೇವೆ. ಇನ್ನೊಂದು ಕಡೆ ಕೆಲಸದ ಜಾಗದ ಕೊರತೆಗಳನ್ನು ನಮ್ಮ ಮನಸ್ಸಿನ ಕೊರತೆ ಅಂತ ನಂಬಿಸಲಾಗುತ್ತದೆ, ಹಾಗಾಗಿ ಕೇಳಬೇಕಾದ ಕಡೆ ಕೇಳುವುದಿಲ್ಲ.

ಕೆಲಸದ ಕಡೆ ಏನಾಯಿತು

ಎರಡು ವಾರ ಆಕೆ ಒಂದು ಲೆಕ್ಕ ಇಟ್ಟರು. ಬಗೆಹರಿಯದೆ ತನಗೆ ಬಂದ ಕರೆ ಎಷ್ಟು, ಅದರಲ್ಲಿ ಬೈಗುಳದ್ದು ಎಷ್ಟು, ಹಣದ ಮಿತಿಯಿಂದಾಗಿ ನಿಂತದ್ದು ಎಷ್ಟು, ರಾತ್ರಿ 8ರ ನಂತರ ಬಂದ ಮೆಸೇಜ್ ಎಷ್ಟು. ಭಾವನೆಯ ಮಾತಿಲ್ಲ, ಬರೀ ಅಂಕಿ. ಮೊದಲು ಬಾಯಲ್ಲಿ ಹೇಳಿದಾಗ ಮೇಲಧಿಕಾರಿ "ಎಲ್ಲರಿಗೂ ಹಾಗೇ ಇದೆ, ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದು ಕಳಿಸಿದರು. ಆಕೆ ವಾಪಸ್ ಬಂದು "ನೋಡಿದ್ರಾ, ಆಗಲ್ಲ" ಅಂದರು. ಒಂದು ಸಲ ಕೇಳಿ ಇಲ್ಲ ಅನ್ನಿಸಿಕೊಂಡರೆ ಬದಲಾಗದ್ದು ಅಂತ ಬರೆದುಬಿಡುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. ಎರಡನೇ ಸಲ ಬರೆದು ಕೊಟ್ಟರು, ಮೂರೇ ಬೇಡಿಕೆಗಳ ಜೊತೆ.

ಹೊಸ ಜನ ಸಿಗಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಸಿಕ್ಕಿದ್ದು ಇಷ್ಟು: 8ರ ನಂತರದ ಮೆಸೇಜುಗಳಿಗೆ ಸರದಿ ಪ್ರಕಾರ ಒಬ್ಬರು ಮಾತ್ರ ಉತ್ತರಿಸುವುದು. ಬೈಯುವ ಗ್ರಾಹಕರಿಗೆ ಒಂದು ಸಲ ಎಚ್ಚರಿಕೆ ಕೊಟ್ಟು ಕರೆ ಮುಗಿಸುವ ಅನುಮತಿ. ಹಣದ ಮಿತಿ ಸ್ವಲ್ಪ ಏರಿತು. ಹಣದ ಮಿತಿ ಏರಿದ್ದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಆಕೆಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಅದೇ. ಕ್ಷಮೆ ಕೇಳುವುದರ ಬದಲು ಕೆಲವರಿಗಾದರೂ ನಿಜವಾಗಿ ಏನೋ ಮಾಡಿಕೊಡುವ ಹಾಗಾಯಿತು.

ಕೆಲಸ ಮುಗಿಸುವಾಗ ಇನ್ನೂ ಮುಗಿಯದ್ದನ್ನೆಲ್ಲ ಬರೆದು, ಅದನ್ನು ನಾಳೆ ಯಾವಾಗ ಹೇಗೆ ಮಾಡುವುದು ಅಂತ ಪಕ್ಕದಲ್ಲೇ ಬರೆಯುವ ರೂಢಿಯನ್ನೂ ಸೇರಿಸಿದೆವು. ಮುಗಿಯದ ಕೆಲಸ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಅದು ನಿಲ್ಲಲು ಮುಗಿಸಲೇಬೇಕು ಅಂತಿಲ್ಲ, ಖಚಿತವಾದ ಯೋಜನೆ ಹಾಕಿದರೂ ಅದರ ಕಾಟ ಕಡಿಮೆಯಾಗುತ್ತದೆ ಅಂತ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಆಕೆಗೆ ಇದು ಚೆನ್ನಾಗಿ ಹೊಂದಿತು.

ತಂದೆಯ ಕಡೆ

ಇಲ್ಲಿ ಮಾಡಬೇಕಾದದ್ದು ಕಡಿಮೆ, ಬಿಡಬೇಕಾದದ್ದೇ ಜಾಸ್ತಿ. ಫೋಟೋ ಪರೀಕ್ಷೆ ನಿಂತಿತು. ಫೋಟೋ ನೋಡುವುದು ಉಳಿಯಿತು, ಪ್ರಶ್ನೆ ಕೇಳುವುದು ಹೋಯಿತು. ಅಪ್ಪ ಏನು ಹೇಳುತ್ತಾರೋ ಅದನ್ನು ಕೇಳಿಸಿಕೊಳ್ಳುವುದು, ಅಷ್ಟೇ. ಹೆಂಡತಿ ಎಲ್ಲಿ ಅಂತ ಅವರು ಕೇಳಿದಾಗ "ಅಮ್ಮನ ನೆನಪಾಯ್ತಾ ಅಪ್ಪ? ಅಮ್ಮನ ಬಗ್ಗೆ ಹೇಳಿ" ಅನ್ನಲು ಆಕೆ ಕಲಿತರು. ಸುಳ್ಳು ಹೇಳಿದಂತೆ ಆಗುವುದಿಲ್ಲವೇ ಅಂತ ಆಕೆಗೆ ತುಂಬಾ ಕಸಿವಿಸಿ ಇತ್ತು. ಪ್ರಶ್ನೆಯ ಹಿಂದೆ ಇರುವುದು ಮಾಹಿತಿಯ ಬೇಡಿಕೆ ಅಲ್ಲ, ಒಂಟಿತನ. ಅದಕ್ಕೆ ಉತ್ತರ ಕೊಟ್ಟರೆ ಸಾಕು. ಈಗ ತಂದೆ ಹೆಚ್ಚಿನ ಸಲ ಅಳುವುದಿಲ್ಲ, ಹೆಂಡತಿಯ ಬಗ್ಗೆ ಒಂದೆರಡು ಮಾತಾಡಿ ಸುಮ್ಮನಾಗುತ್ತಾರೆ.

ಅಳು ಆಕೆಯ ಕಡೆ ಬಂತು. ಅಮೆರಿಕದ ಪಾಲಿನ್ ಬಾಸ್ ಇಂಥ ನಷ್ಟದ ಬಗ್ಗೆ 1970ರ ದಶಕದಿಂದ ಬರೆಯುತ್ತಾ ಬಂದಿದ್ದಾರೆ, ಅಸ್ಪಷ್ಟ ನಷ್ಟ ಅಂತ ಅದಕ್ಕೆ ಹೆಸರು. ಮನುಷ್ಯ ಎದುರಿಗೇ ಇದ್ದಾರೆ, ಆದರೆ ನಮ್ಮನ್ನು ಬಲ್ಲ ಆ ಮನುಷ್ಯ ದಿನದಿನಕ್ಕೆ ಹೋಗುತ್ತಿದ್ದಾರೆ. ಸಾವಾಗಿಲ್ಲ, ಹಾಗಾಗಿ ಯಾರೂ ಸಮಾಧಾನ ಹೇಳಲು ಬರುವುದಿಲ್ಲ. ದುಃಖಪಟ್ಟರೆ ಬದುಕಿರುವವರನ್ನು ಕಳಿಸಿಬಿಟ್ಟಂತೆ ಅನ್ನಿಸುತ್ತದೆ. ಇದನ್ನು ಕೇಳಿದ ದಿನ ಆಕೆ ತುಂಬಾ ಅತ್ತರು. "ಅಪ್ಪ ಇರುವಾಗಲೇ ಅಪ್ಪನಿಗಾಗಿ ಅಳಬಹುದಾ" ಅಂತ ಕೇಳಿದರು. ಅಳಬಹುದು ಅಂದೆ.

ಮನೆಯಲ್ಲಿ ಬರೆಯಲು ಹೇಳಿದೆ. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಶುರುಮಾಡಿದ ಕ್ರಮ ಅದು. ಸತತ 4 ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಹೆಚ್ಚು ಕಾಡಿದ್ದರ ಬಗ್ಗೆ, ಕಾಗುಣಿತ ನೋಡದೆ, ಯಾರಿಗೂ ತೋರಿಸದೆ. ಎಲ್ಲರಿಗೂ ಒಂದೇ ಥರ ಉಪಯೋಗ ಆಗುವುದಿಲ್ಲ, ಬರೆದ ದಿನ ಮನಸ್ಸು ಇನ್ನಷ್ಟು ಕೆಡುವುದೂ ಇದೆ. ಆಕೆಗೆ ಮೊದಲ ಎರಡು ದಿನ ಕೆಟ್ಟದಾಗಿತ್ತು. ಮೂರನೇ ದಿನ ಬರೆದದ್ದು ಅಪ್ಪನ ಬಗ್ಗೆ ಅಲ್ಲ, ತಮ್ಮನ ಮೇಲಿನ ಸಿಟ್ಟು.

ಭಾವನೆಗೆ ಹೆಸರಿಡುವುದನ್ನೂ ಅಭ್ಯಾಸ ಮಾಡಿದರು. ಬೇಜಾರು, ಟೆನ್ಷನ್ ಅನ್ನುವ ಎರಡು ಪದಗಳಲ್ಲಿ ಎಲ್ಲವನ್ನೂ ತುಂಬುವುದರ ಬದಲು, ಇದು ಅವಮಾನ, ಇದು ಹೊಟ್ಟೆಕಿಚ್ಚು, ಇದು ಭಯ ಅಂತ ಬಿಡಿಸಿ ಹೇಳುವುದು. ಸಿಟ್ಟಿನ ಅಥವಾ ಭಯದ ಮುಖ ನೋಡಿ ಆ ಭಾವನೆಗೆ ಪದ ಹುಡುಕಿದವರ ಮೆದುಳಿನಲ್ಲಿ, ಭಯದಂಥ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ತಗ್ಗುತ್ತದೆ ಅಂತ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಕಂಡಿತ್ತು. ಆಕೆ ಪದ ಹುಡುಕಲು ತುಂಬಾ ತಡವರಿಸುತ್ತಿದ್ದರು. ವರ್ಷಗಟ್ಟಲೆ ಬೇರೆಯವರ ಸಿಟ್ಟಿಗೆ ಪದ ಕೊಟ್ಟವರು ಅವರು.

ಕೆಟ್ಟದಾಗಿ ಕಂಡ ವಾರಗಳು

ಸುಮಾರು ಎರಡು ತಿಂಗಳಿಗೆ ಗಂಡ ನನ್ನನ್ನು ಭೇಟಿಯಾಗಲು ಬಂದರು. ಅವರ ದೂರು ನ್ಯಾಯವಾಗಿಯೇ ಇತ್ತು: "ಮೊದಲು ಶಾಂತವಾಗಿದ್ದಳು, ಈಗ ಅಳುತ್ತಾಳೆ, ರೇಗುತ್ತಾಳೆ. ಇಲ್ಲಿಗೆ ಬಂದ ಮೇಲೆ ಹೆಚ್ಚಾಗಿದೆ." ನಿಜ. ತಮ್ಮನ ಜೊತೆ ಫೋನಿನಲ್ಲಿ ದೊಡ್ಡ ಜಗಳ ಆಗಿತ್ತು. "ಸಲಹೆ ಸಾಕು, ಬಂದು ನಾಲ್ಕು ದಿನ ಇರು" ಅಂತ ಕೂಗಿದ್ದರು. ಗಂಡನಿಗೂ, ನನಗೆ ಪರಿಹಾರ ಬೇಡ, ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ ಅಂದಿದ್ದರು.

ಮರಗಟ್ಟಿದ ಮನಸ್ಸು ಮತ್ತೆ ಎಚ್ಚರವಾಗುವಾಗ ಮೊದಲು ಬರುವುದು ಸಂತೋಷ ಅಲ್ಲ, ಹೆಚ್ಚಾಗಿ ನೋವು, ಸಿಟ್ಟು. ಮನೆಯವರಿಗೆ ಇದನ್ನು ಮೊದಲೇ ತಿಳಿಸಿದರೆ ಒಳ್ಳೆಯದು, ಇಲ್ಲದಿದ್ದರೆ ಸುಧಾರಣೆಯನ್ನೇ ಕಾಯಿಲೆ ಅಂದುಕೊಂಡು ಎಲ್ಲರೂ ಸೇರಿ ಅವರನ್ನು ಮತ್ತೆ ಸುಮ್ಮನಾಗಿಸುತ್ತಾರೆ. ಗಂಡ ಕೇಳಿಸಿಕೊಂಡರು. ಪಕ್ಕದಲ್ಲಿ ಸುಮ್ಮನೆ ಕೂರುವುದು ಅವರಿಗೆ ಬಹಳ ಕಷ್ಟದ ಕೆಲಸ ಅಂತ ಒಪ್ಪಿಕೊಂಡರು. ಆದರೆ ರಾತ್ರಿ 9ರಿಂದ 10 ತಂದೆಯ ಜವಾಬ್ದಾರಿ ಪೂರ್ತಿ ತನ್ನದು ಅಂತ ತೆಗೆದುಕೊಂಡರು. ಯಾರಿಗೂ ಏನೂ ಬೇಕಾಗಿರದ ಹೊತ್ತು ಆಕೆಗೆ ನಿದ್ರೆಯ ಮೊದಲೇ ಸಿಗತೊಡಗಿತು. ಒಂದೂವರೆ ತನಕದ ವಿಡಿಯೋ ಪೂರ್ತಿ ನಿಂತಿಲ್ಲ, ಆದರೆ ಬಹಳಷ್ಟು ರಾತ್ರಿ ಹನ್ನೊಂದೂವರೆಗೆ ಫೋನು ಬೇರೆ ಕೋಣೆಯಲ್ಲಿರುತ್ತದೆ.

ಕೆಲವು ನಡೆಯಲೇ ಇಲ್ಲ. ಡಿಮೆನ್ಷಿಯಾ ಇರುವವರ ಮನೆಯವರ ಗುಂಪಿಗೆ ಸೇರಿಸಲು ನೋಡಿದೆ, ಒಂದು ಸಲ ಹೋಗಿ ಬಂದು "ಮುಂದೆ ಏನಾಗುತ್ತೆ ಅಂತ ಕೇಳಿ ಇನ್ನೂ ಹೆದರಿಕೆಯಾಯ್ತು" ಅಂದರು. ಬಿಟ್ಟೆವು. ಧ್ಯಾನದ ಆ್ಯಪ್ ಕೂಡ ಬಿಟ್ಟರು, ಬೆಳಿಗ್ಗೆ ಆ ಹತ್ತು ನಿಮಿಷ ಮಲಗುತ್ತಾರೆ.

ಈಗ

ಅದೇ 9 ಪ್ರಶ್ನೆಗಳ ಪಟ್ಟಿಯಲ್ಲಿ ಈಚೆಗೆ 6 ಬಂತು. ಔಷಧ ಬೇಕಾಗಲಿಲ್ಲ. ಮರೆವು ಕಡಿಮೆಯಾಗಿದೆ. ತಂದೆಯ ಸ್ಥಿತಿ ಕೆಳಗೆ ಹೋಗಿದೆ, ಈಗ ರಾತ್ರಿ ಎದ್ದು ಓಡಾಡುತ್ತಾರೆ, ಕೆಲವು ಸಲ ಮಗಳನ್ನು ಗುರುತಿಸುವುದಿಲ್ಲ. ಮೊದಲ ಸಲ ಹಾಗಾದಾಗ ಆಕೆ ಆ ದಿನವೇ ಫೋನ್ ಮಾಡಿ ಅತ್ತು, ಮರುದಿನ ರಜೆ ಹಾಕಿದರು. ಕಾಯಿಲೆ ಬೀಳದೆ ಹಾಕಿದ ರಜೆ.

ಮಗನಿಗೆ ತಾತನ ಕಾಯಿಲೆ ಏನು ಅಂತ ಗಂಡ ಹೆಂಡತಿ ಕೂತು ಹೇಳಿದರು. ಅಮ್ಮ ಅಳುವುದು ತನ್ನಿಂದಲಾ ಅಂತ ಅವನು ಕೇಳಿದ್ದ. ಗೆಳೆಯರ ವಿಷಯ ಅವನು ಅಮ್ಮನ ಹತ್ತಿರ ಇನ್ನೂ ಮುಕ್ತವಾಗಿ ಮಾತಾಡುತ್ತಿಲ್ಲ, ಅಪ್ಪನ ಹತ್ತಿರ ಹೇಳುತ್ತಾನೆ. ಆಕೆಗೆ ಅದು ನೋಯುತ್ತದೆ.

ಕೆಲಸ ಬದಲಿಸುವ ಪ್ರಯತ್ನ ನಡೆದಿದೆ. ತಮ್ಮ ತಿಂಗಳಿಗೆ ನಾಲ್ಕು ದಿನ ಬಂದು ಇರುತ್ತಿದ್ದಾರೆ, ಆ ದಿನಗಳಲ್ಲಿ ಅಪ್ಪನ ಜೊತೆ ರಾತ್ರಿ ಎದ್ದಿರುವುದು ಅವರೇ. ಅಪ್ಪನಿಗೆ ಮೆದುಳಿನ ಕೆಲಸ ಕೊಡು ಅನ್ನುವುದನ್ನು ಅವರು ನಿಲ್ಲಿಸಿದ್ದಾರೆ. ರಾತ್ರಿ ನೋಡಿಕೊಳ್ಳಲು ಹೊರಗಿನವರನ್ನು ಇಡುವುದೋ, ಆರೈಕೆ ಕೇಂದ್ರದ ಬಗ್ಗೆ ಯೋಚಿಸುವುದೋ ಅನ್ನುವ ಪ್ರಶ್ನೆ ಈಗ ಎದುರಿಗಿದೆ. ಆರೈಕೆ ಕೇಂದ್ರ ಅನ್ನುವ ಪದ ಕೇಳಿದರೆ ಆಕೆಗೆ ಸಿಟ್ಟು ಬರುತ್ತದೆ, ತಮ್ಮನಿಗೆ ಅದೇ ಸರಿ ಅನ್ನಿಸಿದೆ. ಮುಂದಿನ ಭೇಟಿಗೆ ಇಬ್ಬರೂ ಒಟ್ಟಿಗೆ ಬರುತ್ತಾರೆ.